ಯಜಮಾನರ ಹಲಸಿನ ಮರ, ಎರಡನೇ ಡಿಶ್

ಡಿಶ್ ಕೂರಿಸುವ ಕೆಲಸದಲ್ಲೇ ನನ್ನ ತಲೆ ನರೆಯಿತು. ಇಷ್ಟು ದಿನದಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ಮನೆಗೆ ಮೊದಲನೇ ಡಿಶ್ ಹಾಕುವಾಗ ಏನೂ ಆಗುವುದಿಲ್ಲ. ಎರಡನೆಯದು ಹಾಕುವಾಗ ಏನಾದರೊಂದು ಆಗಿಯೇ ಆಗುತ್ತದೆ. ಮೊದಲನೆಯದು ಮಾಳಿಗೆಯ ಮೇಲಿನ ಒಳ್ಳೆಯ ಜಾಗ ಹಿಡಿದುಬಿಟ್ಟಿರುತ್ತದೆ. ಎರಡನೆಯದಕ್ಕೆ ಉಳಿಯುವುದು ಹಿತ್ತಿಲು. ಹಿತ್ತಿಲಲ್ಲಿ ಮರ ಇರುತ್ತದೆ. ಮರದಲ್ಲಿ ಏನಿರುತ್ತದೋ ಹತ್ತಿ ನೋಡುವವರೆಗೆ ಗೊತ್ತಾಗುವುದಿಲ್ಲ.

ಚಂದಕವಾಡಿ ಕಡೆ ಒಬ್ಬರು ಎರಡನೇ ಡಿಶ್ಶನ್ನು ತೆಂಗಿನ ಮರಕ್ಕೇ ಕಟ್ಟಿಸಿಕೊಂಡಿದ್ದರು. ಗಾಳಿ ಬೀಸಿದಾಗಲೆಲ್ಲ ವಾರ್ತೆ ಓದುವ ಹುಡುಗಿ ಅರ್ಧ ಸುದ್ದಿ ಹೇಳಿ ಮಾಯವಾಗುತ್ತಿದ್ದಳು. ಮಿಕ್ಕರ್ಧ ಸುದ್ದಿಯನ್ನು ಆ ಮನೆಯವರೇ ಊಹಿಸಿ ಊರಿಗೆಲ್ಲ ಹೇಳುತ್ತಿದ್ದರು. ಅದು ನಗುವ ಕತೆ. ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನದು ಎಂಥ ಕತೆ ಅಂತ ನನಗೆ ಇನ್ನೂ ತೀರ್ಮಾನವಾಗಿಲ್ಲ.

೧. ಒಂದು ಮಾತು ಕೇಳಿ

ಭೀಮನಬೀಡಿನ ಆ ಮನೆ ಅಣ್ಣತಮ್ಮಂದಿರಿಗೆ ಭಾಗವಾಗಿತ್ತು. ಮುಂದಿನ ಕಾಂಕ್ರೀಟ್ ಮೋಲ್ಡ್ ಮನೆ ಅಣ್ಣನಿಗೆ, ಹಿಂದಿನ ಹೆಂಚಿನ ಮನೆ ತಮ್ಮನಿಗೆ. ತಾಯಿ ಇಬ್ಬರಿಗೂ ಸೇರಿದವರು. ತಮ್ಮ ತರಕಾರಿ ಲಾರಿ ಓಡಿಸಿಕೊಂಡು ಕೇರಳಕ್ಕೆ ಹೋಗಿ ಬಂದು ಮಾಡುತ್ತಿದ್ದ. ಹಾಗೆ ಹೋಗಿ ಬರುವಾಗಲೇ ಸುಲ್ತಾನ್ ಬತ್ತೇರಿ ಕಡೆಯ ಹುಡುಗಿಯನ್ನು ಮದುವೆಯಾಗಿದ್ದ. ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೆ. ಗಂಡ ಲಾರಿ ಹತ್ತಿದರೆ ಅವಳಿಗೆ ಮಾತಾಡಲು ಯಾರೂ ಇಲ್ಲ. ಮಲಯಾಳಂ ಟಿವಿಯಾದರೂ ಇರಲಿ ಅಂತ ನನ್ನನ್ನು ಕರೆಸಿದ್ದ. ಅಣ್ಣನ ಡಿಶ್‌ನಲ್ಲಿ ಅವಳಿಗೆ ಬೇಕಾದ ಚಾನೆಲ್ ಬರುತ್ತಿರಲಿಲ್ಲ. ಬೇರೆ ಕಂಪನಿಯದನ್ನೇ ಹಾಕಬೇಕಿತ್ತು.

"ನಮ್ಮ ಮೋಲ್ಡ್ ಮ್ಯಾಲೆ ಬ್ಯಾಡ, ತೂತು ಒಡುದ್ರೆ ಸೋರ್ತದೆ," ಅಂದರು ಅಣ್ಣನ ಹೆಂಡತಿ. ಹಿತ್ತಿಲಿಗೆ ಹೋದೆ. ಅಲ್ಲೊಂದು ಹಲಸಿನ ಮರ. ಮಟಮಟ ಮಧ್ಯಾಹ್ನದಲ್ಲೂ ಅದರ ಕೆಳಗೆ ಸಂಜೆಯ ಹಾಗಿತ್ತು. ಈ ಎರಡನೇ ಕಂಪನಿಯ ಉಪಗ್ರಹ ಇರುವುದು ಪೂರ್ವದ ಕಡೆಗೆ, ಸ್ವಲ್ಪ ತಗ್ಗಿನಲ್ಲಿ. ಸರಿಯಾಗಿ ಆ ಮರದ ತಲೆ ಅಡ್ಡ. ಒಂದು ಕೊಂಬೆ ಕಡಿಯಬೇಕಾಗುತ್ತದೆ ಅಂದೆ.

"ನಮ್ಮ ಎಜಮಾನ್ರ ಒಂದ್ ಮಾತು ಕೇಳ್ಬುಡಪ್ಪ," ಅಂದರು ತಾಯಿ.

"ಎಲ್ಲವ್ರೆ ಅವ್ವ?"

"ಮರದ ಬುಡದಲ್ಲೇ ಅವ್ರಲ್ಲ."

ನೋಡಿದೆ. ಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲು. ಅದರ ಮೇಲೆ ಯಾರೂ ಇಲ್ಲ. ಅಣ್ಣನ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, "ನಮ್ಮಾವ ತೀರೋಗಿ ಮೂರೊರ್ಸ ಆಯ್ತು. ಆ ಕಲ್ಲಿನ ಮ್ಯಾಲೆ ಕೂತಿದ್ದಂಗೇ ಓಗ್ಬುಟ್ರು. ಸುಮ್ನೆ ಕೇಳಿ, ಅತ್ತೆ ಬುಡಾಕಿಲ್ಲ," ಅಂದರು.

ಹಿರಿಯರ ಮಾತು, ಮೀರುವುದು ಹೇಗೆ. ಕಲ್ಲಿನ ಕಡೆ ತಿರುಗಿ, "ಯಜಮಾನ್ರೆ, ಒಂದು ಕೊಂಬೆ ಕಡೀಲಾ?" ಅಂದೆ. ಎಲೆ ಅಲ್ಲಾಡುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಧಪ್ ಅಂತ ಒಂದು ಹಲಸಿನಕಾಯಿ ಬಿತ್ತು.

"ಬ್ಯಾಡ ಅಂದ್ರು," ಅಂದರು ತಾಯಿ.

"ಹಣ್ಣಾಗಿತ್ತೇನೋ ಅವ್ವ, ಬಿತ್ತು," ಅಂದೆ. ಅವರು ಕಾಯಿಯನ್ನು ಕಾಲಿನಿಂದ ಹೊರಳಿಸಿ ತೋರಿಸಿದರು. ಎಳೆಗಾಯಿ, ತೊಟ್ಟು ಇನ್ನೂ ಹಸಿಯಾಗಿತ್ತು. ಮಧ್ಯಾಹ್ನದ ಊಟಕ್ಕೆ ಅದನ್ನೇ ಪಲ್ಯ ಮಾಡಿ ಬಡಿಸಿದರು. ಯಜಮಾನರ ಉತ್ತರಕ್ಕೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು.

೨. ಮೀಟರಿನ ಕೂಗು

ಕೊಂಬೆ ಕಡಿಯುವ ಹಾಗಿಲ್ಲ ಅಂದ ಮೇಲೆ ಎಲೆಗಳ ನಡುವೆ ಎಲ್ಲಾದರೂ ಆಕಾಶದ ಕಿಂಡಿ ಸಿಗುತ್ತದಾ ನೋಡಬೇಕು. ನನ್ನ ಹತ್ತಿರ ಅಂಗೈಯಗಲದ ಸಿಗ್ನಲ್ ಮೀಟರ್ ಇದೆ. ಸಿಗ್ನಲ್ ಸಿಕ್ಕರೆ ಕುಯ್ ಅನ್ನುತ್ತದೆ. ಜೋರಾಗಿ ಸಿಕ್ಕರೆ ಜೋರಾಗಿ ಕೂಗುತ್ತದೆ. ಡಿಶ್ಶನ್ನು ಕೈಯಲ್ಲಿ ಹಿಡಿದು, ಮೀಟರನ್ನು ಅದಕ್ಕೆ ಸಿಕ್ಕಿಸಿಕೊಂಡು ಹಿತ್ತಿಲೆಲ್ಲ ಸುತ್ತಿದೆ. ಬಚ್ಚಲ ಪಕ್ಕ, ಸೌದೆ ಒಟ್ಟಿದ್ದ ಕಡೆ, ಕೊಟ್ಟಿಗೆಯ ಬಾಗಿಲು, ಎಲ್ಲಿ ಹೋದರೂ ಮೀಟರ್ ಬಾಯಿ ಬಿಡಲಿಲ್ಲ. ಬೇಲಿಯಾಚೆ ಅಕ್ಕಪಕ್ಕದ ಹೆಂಗಸರು ಬಂದು ನಿಂತರು.

ಕೊನೆಗೆ ಆ ಚಪ್ಪಡಿ ಕಲ್ಲಿನ ಹತ್ತಿರ ಬಂದೆ. ಮೀಟರ್ ಸಣ್ಣಗೆ ನರಳಿತು. ಇನ್ನೊಂದು ಹೆಜ್ಜೆ ಇಟ್ಟೆ. ಕಿರುಚಿಕೊಂಡಿತು. ಬೇಲಿಯ ಹತ್ತಿರ ಒಬ್ಬರೂ ಉಳಿಯಲಿಲ್ಲ.

ಮೇಲೆ ನೋಡಿದರೆ ಕಾರಣ ಕಂಡಿತು. ಮರದಲ್ಲಿ ಅಲ್ಲೊಂದು ಕಡೆ ಮಾತ್ರ ಎಲೆ ತೆಳ್ಳಗಿತ್ತು. ಬೆಳಗಿನ ಬಿಸಿಲು ಆ ಕಿಂಡಿಯಿಂದ ಇಳಿದು ಕಲ್ಲಿನ ಮೇಲೆ ಬೀಳುತ್ತಿದ್ದಿರಬೇಕು. ಚಳಿಯಲ್ಲಿ ಬಿಸಿಲು ಕಾಯಲು ಯಜಮಾನರು ಅಲ್ಲಿ ಕೂರುತ್ತಿದ್ದರು, ಅಷ್ಟೆ. ಇದನ್ನೆಲ್ಲ ತಾಯಿಗೆ ಬಿಡಿಸಿ ಹೇಳಿದೆ. ಮೇಲೆ ಆಕಾಶದಲ್ಲಿ ಉಪಗ್ರಹ ಅಂತ ಒಂದಿರುತ್ತದೆ, ಅದು ಅಲ್ಲಿಂದ ಕಳಿಸುತ್ತದೆ, ಈ ಮೀಟರಿಗೆ ಅದು ಕೇಳಿಸುತ್ತದೆ ಅಂದೆ.

ಅವರು ಸಮಾಧಾನವಾಗಿ ಕೇಳಿಸಿಕೊಂಡು ಅಂದರು: "ನಂಗೊತ್ತು ಕಣಪ್ಪ. ಮ್ಯಾಕ್ಕೋದೋರು ಮ್ಯಾಲಿಂದ್ಲೇ ತಾನೆ ಮಾತಾಡ್ಬೇಕು."

೩. ಬಂದರು, ಹೋದರು

ಕಲ್ಲಿನ ಪಕ್ಕ ಎತ್ತರದ ಕಬ್ಬಿಣದ ಪೈಪು ನೆಟ್ಟು, ಕಾಂಕ್ರೀಟ್ ಹಾಕಿ ಹೋಗಿದ್ದೆ. ಅದು ಗಟ್ಟಿಯಾದ ಮೇಲೆ ಮತ್ತೆ ಹೋಗಿ ಡಿಶ್ ಕೂರಿಸಿದೆ. ಚಾಮರಾಜನಗರದ ಕೆಲಸ ಮುಗಿಸಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವತ್ತು ಮೀಟರಿನ ಬ್ಯಾಟರಿ ಬೇರೆ ಸತ್ತಿತ್ತು. ಹೊರಗೆ ನಾನು ಡಿಶ್ಶನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತೇನೆ, ಚಿತ್ರ ಬಂದಾಗ ಒಳಗಿಂದ ಕೂಗಿ ಹೇಳು ಅಂತ ಹುಡುಗಿಗೆ ಹೇಳಿದೆ. ತಾಯಿ ಹಿತ್ತಿಲ ಬಾಗಿಲಲ್ಲಿ ಕೂತಿದ್ದರು.

ಡಿಶ್ ತಿರುಗಿಸಿದೆ. "ವನ್ನು," ಅಂತ ಒಳಗಿಂದ ಕೂಗಿದಳು. ಬಂತು ಅಂತ; ಬಂದರು ಅನ್ನುವುದಕ್ಕೂ ಅವರಲ್ಲಿ ಅದೇ ಮಾತು. ಕೈ ಒಂದಿಷ್ಟು ಅಲ್ಲಾಡಿತು. "ಪೋಯಿ." ಹೋಯಿತು ಅಂತ. ಕೇರಳದ ವ್ಯಾಪಾರಿಗಳು ಬರುವ ಗುಂಡ್ಲುಪೇಟೆ ಸಂತೆಗೆ ಹೋಗಿ ಬರುವವರಿಗೆ ಅಷ್ಟು ಮಲಯಾಳಂ ಅರ್ಥವಾಗುತ್ತದೆ. ತಾಯಿಗೂ ಆಯಿತು.

"ಯಾರು ಬಂದ್ರು?" ಅಂದರು.

ಆಗಲೇ ನನ್ನ ತಲೆಯ ಮೇಲೆ, ಮರದೊಳಗೆ, ಯಾರೋ ಕೆಮ್ಮಿದರು. ಎಲೆ ಅಡಿಕೆ ಹಾಕಿ ಹಾಕಿ ಗಂಟಲು ಕೆಟ್ಟ ಮುದುಕರು ಕೆಮ್ಮುತ್ತಾರಲ್ಲ, ಹಾಗೆ. ನನ್ನ ಕೈ ಡಿಶ್ ಮೇಲೆ ಇದ್ದ ಹಾಗೇ ನಿಂತಿತು. "ವನ್ನು," ಅಂದಳು ಹುಡುಗಿ ಒಳಗಿಂದ. ಮತ್ತೊಂದು ಕೆಮ್ಮು. ನಾನು ಬೆಚ್ಚಿದೆ. "ಪೋಯಿ," ಅಂದಳು.

"ಬಂದ್ರು ಅಂತಾಳೆ, ಓದ್ರು ಅಂತಾಳೆ," ಅಂತ ತಾಯಿ ಎದ್ದರು. ನಾನು ಡಿಶ್ಶನ್ನು ಹಿಡಿದು ನಟ್ಟು ಬಿಗಿದೆ. "ವನ್ನು, ವನ್ನು," ಅಂತ ಹುಡುಗಿ ಸಂತೋಷದಿಂದ ಕೂಗಿದಳು. ತಾಯಿ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಟಿವಿಯಲ್ಲಿ ಯಾವುದೋ ಧಾರಾವಾಹಿ, ಬಿಳಿ ಮೀಸೆಯ ಮುದುಕರೊಬ್ಬರು ಕುರ್ಚಿಯಲ್ಲಿ ಕೂತು ಯಾರಿಗೋ ಬುದ್ಧಿ ಹೇಳುತ್ತಿದ್ದರು. ತಾಯಿ ಹತ್ತಿರ ಹೋಗಿ ಆ ಮುಖವನ್ನೇ ತುಂಬಾ ಹೊತ್ತು ನೋಡಿದರು.

ಆಮೇಲೆ ಹೊರಗೆ ಬಂದು, "ಇವ್ರಲ್ಲ ಬುಡು," ಅಂದರು.

೪. ಡಿಶ್ ತಿರುಗಿತು

ವಾರ ಕಳೆದಿರಲಿಲ್ಲ, ಲಾರಿಯ ತಮ್ಮ ಕೇರಳದಿಂದ ಫೋನ್ ಮಾಡಿದ. "ಅಣ್ಣ, ದಿನಾ ಸಂಜೆ ಡಿಶ್ ತಾನಾಗೇ ತಿರುಗ್ಬುಡ್ತದಂತೆ. ಯಾರೋ ಕೆಮ್ತಾರಂತೆ. ನನ್ನೆಂಡ್ರು ಅಮ್ಮನ ಮನೆಗೆ ಓಗ್ತೀನಿ ಅಂತ ಬ್ಯಾಗು ತುಂಬ್ಕಂಡು ಕುಂತವ್ಳೆ. ಒಂಚೂರು ನೋಡಣ್ಣ," ಅಂದ. ಅವನ ದನಿ ಕೇಳಿ ನನಗೆ ಪಾಪ ಅನ್ನಿಸಿತು.

ಹೋಗಿ ನೋಡಿದರೆ ನಿಜ. ಪೂರ್ವಕ್ಕೆ ನೋಡಬೇಕಾದ ಡಿಶ್ ಅಡುಗೆಮನೆಯ ಕಿಟಕಿ ನೋಡುತ್ತಿತ್ತು. ಹುಡುಗಿ ಒಳಗಿನ ಕೋಣೆಯಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. "ನಮ್ಮಾವನಿಗೆ ಮಲಯಾಳ ಆಗಾಕಿಲ್ಲ, ಅದ್ಕೇ ತಿರುಗುಸ್ತಾವ್ರೆ," ಅಂದರು ಅಣ್ಣನ ಹೆಂಡತಿ, ಅವಳಿಗೂ ಕೇಳಿಸುವ ಹಾಗೆ.

ಡಿಶ್ಶನ್ನು ಮತ್ತೆ ಪೂರ್ವಕ್ಕೆ ತಿರುಗಿಸಿ, ನಟ್ಟನ್ನು ಗಟ್ಟಿಯಾಗಿ ಬಿಗಿದು, ಇವತ್ತು ನೋಡೇಬಿಡೋಣ ಅಂತ ತಾಯಿಯ ಪಕ್ಕ ಹಿತ್ತಿಲ ಬಾಗಿಲಲ್ಲಿ ಕೂತೆ. ಹುಡುಗಿಯೂ ಬಂದು ನಮ್ಮಿಬ್ಬರ ಹಿಂದೆ ನಿಂತಳು. ಹೊತ್ತು ಮುಳುಗುತ್ತಾ ಬಂತು. ಮರದೊಳಗೆ ಎಲೆ ಸರಿಯಿತು. ಕೆಮ್ಮು ಕೇಳಿತು. ಹುಡುಗಿ ನನ್ನ ಅಂಗಿಯ ಹಿಂಬದಿ ಹಿಡಿದುಕೊಂಡಳು. ಕರಿಯ ಮುಖವೊಂದು ಎಲೆಗಳ ನಡುವಿನಿಂದ ನಮ್ಮನ್ನೇ ನೋಡಿತು. ಕಣ್ಣು ಮಿಟುಕಿಸಲಿಲ್ಲ. ನಾನು ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆಮೇಲೆ ಮಾರುದ್ದದ ಬಾಲ ಕೆಳಗೆ ಇಳಿಯಿತು. ದೊಡ್ಡದೊಂದು ಮುಸುವ. ಕೊಂಬೆಯಿಂದ ಧುಮುಕಿ ಡಿಶ್ಶಿನ ಮೇಲೆ ಕೂತಿತು. ಅದರ ಭಾರಕ್ಕೆ ಡಿಶ್ ಗಿರ್ರನೆ ತಿರುಗಿ ಪಶ್ಚಿಮಕ್ಕೆ ಬಂತು. ಮುಸುವ ಕೈಕಟ್ಟಿಕೊಂಡು, ಮುಳುಗುವ ಸೂರ್ಯನನ್ನು ನೋಡುತ್ತಾ, ಒಮ್ಮೆ ಕೆಮ್ಮಿತು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ಮನೆಗೆ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲಂತೆ. ತಾಯಿ ಮಾತ್ರ ನಗಲಿಲ್ಲ. ಸೊಸೆಯ ಬ್ಯಾಗನ್ನು ಎತ್ತಿ ಒಳಗಿಟ್ಟು ಬಂದು ನನ್ನ ಕಡೆ ನೋಡಿ ಅಂದರು: "ಕೋತಿ ತಿರುಗುಸ್ತು ಅಂತ ನಿಂಗೂ ಗೊತ್ತಾಯ್ತು, ನಂಗೂ ಗೊತ್ತಾಯ್ತು. ದೊಡ್ ಸೊಸೆಗೆ ಮಾತ್ರ ಏಳ್ಬ್ಯಾಡ. ಮಾವ ಅವ್ರೆ ಅಂತ ಒಸಿ ದಿನ ನೆಟ್ಟಗಿರ್ಲಿ."

೫. ಮುಳ್ಳು ಕಟ್ಟಿದ ದಿನ

ಮುಸುವ ಕೂರದ ಹಾಗೆ ಡಿಶ್ಶಿನ ಅಂಚಿಗೆ ಜಾಲಿ ಮುಳ್ಳು ಕಟ್ಟಬೇಕಾಯಿತು. ಮಾರನೇ ದಿನ ಸಂಜೆಯೊಳಗೆ ಏಣಿ ತಂದು ಹತ್ತಿದೆ. ಕೆಳಗೆ ಹುಡುಗಿ ಏಣಿ ಹಿಡಿದಿದ್ದಳು. ತಾಯಿ ಮುಳ್ಳಿನ ಕೊಂಬೆ ಎತ್ತಿ ಕೊಡುತ್ತಿದ್ದರು. ಮುಸುವಗಳ ಹಿಂಡು ಅವತ್ತು ದೂರದಲ್ಲಿ ಯಾರದೋ ಹೊಲದ ಬದುವಿನಲ್ಲಿ ಸಾಲಾಗಿ ಕೂತಿತ್ತು. ದೊಡ್ಡ ಮುಸುವವೂ ಅಲ್ಲೇ ಇತ್ತು, ನಮ್ಮ ಕಡೆ ಬೆನ್ನು ಮಾಡಿಕೊಂಡು. ಅದನ್ನು ನಾನು ಏಣಿಯ ಮೇಲಿಂದ ಕಣ್ಣಾರೆ ನೋಡುತ್ತಲೇ ಇದ್ದೆ. ಕೊನೆಯ ಮುಳ್ಳು ಕಟ್ಟುತ್ತಿದ್ದೆ.

ಮರದಲ್ಲಿ ಕೆಮ್ಮು ಕೇಳಿತು. ನನ್ನ ಕಿವಿಯ ಪಕ್ಕದಲ್ಲೇ.

ಬದುವಿನ ಕಡೆ ನೋಡಿದೆ. ಹಿಂಡು ಅಲುಗಿರಲಿಲ್ಲ. ಮರದ ಕಡೆ ನೋಡಿದೆ. ಎಲೆ, ಕಾಯಿ, ಕೊಂಬೆ, ಬೇರೇನೂ ಇಲ್ಲ. ಏಣಿ ಕೆಳಗಿಂದ ನಡುಗಲು ಶುರುವಾಯಿತು. ಹುಡುಗಿಯೂ ಬದುವಿನ ಕಡೆಯೇ ನೋಡುತ್ತಿದ್ದಳು.

"ಅಮ್ಮೇ," ಅಂದಳು, ಹೆದರಿಕೆಯಲ್ಲಿ ಇದ್ದಬದ್ದ ಕನ್ನಡವನ್ನೆಲ್ಲ ಒಟ್ಟುಮಾಡಿಕೊಂಡು. "ಮೇಲೆ ಮುಸುವ ಉಂಟಾ?"

ತಾಯಿ ತಲೆಯೆತ್ತಿ ಮರವನ್ನು ನೋಡಿದರು. ಸೆರಗನ್ನು ನಿಧಾನವಾಗಿ ತಲೆಯ ಮೇಲೆ ಎಳೆದುಕೊಂಡರು. ಆಮೇಲೆ ಸೊಸೆಯ ಬೆನ್ನು ಸವರಿ ಅಂದರು:

"ಮುಸುವ ಅಲ್ಲ ಕಣಮ್ಮಿ, ನಮ್ಮೆಜಮಾನ್ರು. ಎದರ್ಕಬ್ಯಾಡ. ಮುಸುವ ಆದ್ರೆ ಕಚ್ತದೆ."

ಹುಡುಗಿಗೆ ನಿಜವಾಗಲೂ ಸಮಾಧಾನವಾಯಿತು. ಈಗ ದಿನಾ ಸಂಜೆ ಅತ್ತೆ ಸೊಸೆ ಕೂತು ಮಲಯಾಳಂ ಧಾರಾವಾಹಿ ನೋಡುತ್ತಾರಂತೆ. ಡಿಶ್ ಅಲ್ಲಾಡಿದ್ದೇ ಇಲ್ಲವಂತೆ. ನಾನು ಮಾತ್ರ ಅವತ್ತು, ಏಣಿ ಇಲ್ಲೇ ಇರಲಿ ಅವ್ವ, ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ ಅಂತ ಹೇಳಿ ಬೈಕ್ ಹತ್ತಿದವನು, ಗುಂಡ್ಲುಪೇಟೆಗೆ ಬಂದು ಹೊಸ ಏಣಿ ಕೊಂಡುಕೊಂಡೆ.