ಹಗುರ ಪಿಸ್ತೂಲು, ಸಿಗದ ಗುಂಡು

ಪಿಸ್ತೂಲಿನ ಅಂಗಡಿಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಮೊಮ್ಮಗಳು ಕೇಳುತ್ತಾಳೆ, ಅದೂ ಇಂಗ್ಲಿಷಿನಲ್ಲಿ. ಇರುತ್ತದೆ. ಹೆದರಿದ ಮನುಷ್ಯ ಅಂಗಡಿಗೆ ಕಾಲಿಟ್ಟರೆ ಒಂದಲ್ಲ ಒಂದು ತಮಾಷೆ ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನ್ಯೂಜೆರ್ಸಿಯಲ್ಲಿ ಹೆದರದವರೇ ಕಡಿಮೆ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ನ್ಯೂಯಾರ್ಕಿಗೆ ಹೋದವರು ಪರ್ಸ್ ಕಳೆದುಕೊಂಡು ಬರುತ್ತಿದ್ದರು. ನನ್ನ ಗಂಡನ ಎಂಜಿನಿಯರ್ ಕೆಲಸವೂ ಹೋಗಿತ್ತು. ಅವರು ಕಿಟಕಿಯ ಪಕ್ಕ ಕುಳಿತು ಹಿಮ ನೋಡುತ್ತಿದ್ದರು. ನಾನು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಮಾರಿಸ್‌ಟೌನ್‌ನ ಒಂದು ಅಂಗಡಿಯ ಕೌಂಟರಿನ ಹಿಂದೆ ನಿಂತೆ.

ಬಳೆಯ ಅಳತೆ

ಅಂಗಡಿಯ ಮುಂಭಾಗದಲ್ಲಿ ಗಾಳ, ಟೆಂಟು, ಬೂಟು. ಹಿಂಭಾಗದ ಗಾಜಿನ ಪೆಟ್ಟಿಗೆಯಲ್ಲಿ ಪಿಸ್ತೂಲುಗಳು. ಮೊದಲ ದಿನ ಮಾಲೀಕರು ನನಗೆ ಪಾಠ ಮಾಡಿದರು.

"ಪ್ರತಿ ಪಿಸ್ತೂಲಿನ ನಳಿಗೆಗೂ ಒಂದು ಅಳತೆ ಇರುತ್ತೆ. ಅದಕ್ಕೆ ಕ್ಯಾಲಿಬರ್ ಅಂತಾರೆ. ಆ ಅಳತೆಯ ಗುಂಡೇ ಆಗಬೇಕು, ಕೂದಲೆಳೆಯಷ್ಟು ಆಚೀಚೆ ಆದರೂ ಕೂರೋದಿಲ್ಲ. ಅರ್ಥ ಆಯ್ತಾ?"

"ಆಯ್ತು. ಬಳೆ ಥರ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮೈಸೂರಿನ ಮಾರ್ಕೆಟ್ಟಿನಲ್ಲಿ ಬಳೆಗಾರ ಕೈ ನೋಡಿಯೇ ಅಳತೆ ಹೇಳುತ್ತಾನೆ, ದೊಡ್ಡದಾದರೆ ಜಾರುತ್ತದೆ, ಚಿಕ್ಕದಾದರೆ ಒಡೆಯುತ್ತದೆ ಎಂದು ವಿವರಿಸಿ, ಒಂದು ಬಳೆ ತೆಗೆದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾರನೆಯ ದಿನ ಗಿರಾಕಿಯೊಬ್ಬನಿಗೆ ಗಂಭೀರವಾಗಿ ಹೇಳುತ್ತಿದ್ದರು: "ಇಂಡಿಯಾದಲ್ಲಿ ಹೆಂಗಸರು ಕ್ಯಾಲಿಬರ್‌ನ ಕೈಗೇ ಹಾಕಿಕೊಂಡು ಓಡಾಡ್ತಾರೆ."

ಹಗುರ ಅಂದರೆ

ಜನ ಬಂದು ಮೊದಲು ಕೇಳುತ್ತಿದ್ದದ್ದು ಸಾಮಾನ್ಯ ಅಳತೆಯ ದೊಡ್ಡ ಪಿಸ್ತೂಲನ್ನು. ಕೈಗೆ ಕೊಟ್ಟರೆ ಮುಖ ಇಳಿದುಹೋಗುತ್ತಿತ್ತು, ಅಷ್ಟು ಭಾರ. ಆಮೇಲೆ ಕಣ್ಣು ಮೂಲೆಗೆ ಹೋಗುತ್ತಿತ್ತು. ಅಲ್ಲಿ ಯುರೋಪಿನ ಹಳೆಯ, ಚಪ್ಪಟೆಯಾದ, ಅಂಗೈಯಗಲದ ಸೆಮಿ ಆಟೊಮ್ಯಾಟಿಕ್‌ಗಳಿದ್ದವು. ಸೈನಿಕರು ಎರಡನೇ ಮಹಾಯುದ್ಧದಿಂದ ವಾಪಸು ಬರುವಾಗ ತಂದವು. ಕೈಯಲ್ಲಿಟ್ಟರೆ ಹಕ್ಕಿ ಕೂತಂತೆ.

"ಒಂದೇ ತೊಂದರೆ," ಎನ್ನುತ್ತಿದ್ದರು ಮಾಲೀಕರು ಪ್ರಾಮಾಣಿಕವಾಗಿ. "ಇದರ ಅಳತೆಯ ಗುಂಡು ಈ ಕಡೆ ಎಲ್ಲೂ ಸಿಗೋದಿಲ್ಲ."

"ಹಾಗಾದ್ರೆ ಇದು ಬೇರೆ ಯಾರ ಹತ್ರಾನೂ ಇಲ್ಲ?"

"ಇಲ್ಲ."

"ಇದನ್ನೇ ಕೊಡಿ."

ಮದುವೆಗೆ ಸೀರೆ ಆರಿಸುವ ನಮ್ಮ ಹೆಂಗಸರಿಗೂ ಇವರಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಒಬ್ಬ ದಪ್ಪ ಹೆಂಗಸು ಒಂದೊಂದೇ ಪಿಸ್ತೂಲನ್ನು ಕೈಚೀಲಕ್ಕೆ ಹಾಕಿಕೊಂಡು ಅಂಗಡಿಯೊಳಗೆ ನಡೆದು ನೋಡಿ, ಎಲ್ಲಕ್ಕಿಂತ ಹಗುರವಾದದ್ದನ್ನು ಕೊಂಡರು. ಒಂದು ವಾರದ ಮೇಲೆ ಅಳುತ್ತಾ ಬಂದರು. ಪಿಸ್ತೂಲು ಕಳುವಾಗಿದೆ, ಮನೆಯಲ್ಲಿ ಎಲ್ಲಿ ಹುಡುಕಿದರೂ ಇಲ್ಲ, ಗಂಡ ಕೆಲಸದವಳನ್ನು ಬಿಡಿಸಿದ್ದಾರೆ. ಮಾಲೀಕರು ಪೊಲೀಸರಿಗೆ ಫೋನ್ ತಿರುಗಿಸಿದರು. ಕಣ್ಣೊರೆಸಲು ಕರವಸ್ತ್ರ ಬೇಕಾಗಿ ಆಕೆ ಕೈಚೀಲ ತೆರೆದರು. ಕರವಸ್ತ್ರದ ಜೊತೆಗೇ ಪಿಸ್ತೂಲೂ ಬಂತು. ಮಾಲೀಕರು ಫೋನ್ ಇಟ್ಟು ನನ್ನ ಕಡೆ ತಿರುಗಿ, "ಹಗುರ ಅಂದ್ರೆ ಹೀಗಿರಬೇಕು," ಎಂದರು.

ಒಂದೇ ಒಂದು

ಒಂದು ನವೆಂಬರಿನಲ್ಲಿ ಒಬ್ಬರು ಮುದುಕರು ಬಂದರು. ಉದ್ದ ಕೋಟು, ಅದರ ಒಂದು ಗುಂಡಿ ಕಿತ್ತುಹೋಗಿತ್ತು. ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದವರು, ಅಲ್ಲಿಂದ ಒಂದು ಪಿಸ್ತೂಲು ತಂದಿದ್ದರು. ಏಳು ಪಾಯಿಂಟ್ ಆರು ಐದು, ಲಾಂಗ್. ಅಪರೂಪದ ಅಳತೆ.

"ನನ್ನ ಹೆಂಡತಿಗೆ ಕೈಯಲ್ಲಿ ಸಂಧಿವಾತ ಇತ್ತು," ಎಂದರು. "ಟೀ ಕಪ್ಪು ಎತ್ತೋಕೆ ಆಗ್ತಿರಲಿಲ್ಲ, ಇದನ್ನ ಎತ್ತುತ್ತಿದ್ದಳು. ಅಷ್ಟು ಹಗುರ. ಸೆಪ್ಟೆಂಬರ್‌ನಲ್ಲಿ ಹೋದಳು. ಗುಂಡು ಇದೆಯಾ?"

"ಇಲ್ಲ, ತರಿಸಬೇಕು. ಡಬ್ಬಿಯಲ್ಲಿ ಐವತ್ತು ಬರುತ್ತೆ."

"ಒಂದು ಸಾಕು."

"ಬಿಡಿಯಾಗಿ ಮಾರೋದಿಲ್ಲ, ಸರ್."

ಅವರು ನಿಜವಾಗಿಯೂ ಬೇಜಾರು ಮಾಡಿಕೊಂಡರು. "ಉಳಿದ ನಲವತ್ತೊಂಬತ್ತು ನನಗೆ ಯಾಕೆ? ಸುಮ್ಮನೆ ವೇಸ್ಟ್ ಆಗುತ್ತೆ."

ಅವರು ಹೋದ ಮೇಲೆ ಮಾಲೀಕರಿಗೆ ಹೇಳಿದೆ, ಈ ಮನುಷ್ಯ ಜೀವ ಕಳೆದುಕೊಳ್ಳುತ್ತಾರೆ, ತರಿಸಬೇಡಿ ಎಂದು. "ಹಳೇ ಸೈನಿಕರು, ಹಾಗೆಲ್ಲ ಮಾಡಲ್ಲ," ಎಂದು ಅವರು ಆರ್ಡರ್ ಕಳಿಸಿಯೇಬಿಟ್ಟರು. ಮನೆಯಲ್ಲಿ ಗಂಡನಿಗೆ ಹೇಳಿದೆ. ಕಿಟಕಿಯಿಂದ ಕಣ್ಣು ತೆಗೆಯದೆ ಅವರು ಅಂದದ್ದು ಇಷ್ಟೇ: "ನೀನು ಅಡ್ಡ ಬಾಯಿ ಹಾಕಿ ಈ ಕೆಲಸಾನೂ ಕಳ್ಕೋಬೇಡ. ಆಮೇಲೆ ನಮಗೂ ಎರಡು ಗುಂಡು ಬೇಕಾಗುತ್ತೆ."

ಇದು ನಮ್ಮ ಮನೆಯಲ್ಲಿ ಆ ಚಳಿಗಾಲದಲ್ಲಿ ಆದ ಒಂದೇ ಜೋಕು.

ಬಾರದ ಪಾರ್ಸಲ್

ಡಬ್ಬಿ ಡಿಸೆಂಬರಿನಲ್ಲಿ ಬಂತು. ಪಾರ್ಸಲ್ ಬಿಚ್ಚುವವಳು ನಾನೇ. ಅದನ್ನು ಗಾಳದ ಹುಳುಗಳ ಡಬ್ಬಿಗಳ ಹಿಂದೆ ಇಟ್ಟೆ. ಮಾಲೀಕರಿಗೆ ಹುಳು ಕಂಡರೆ ಆಗುತ್ತಿರಲಿಲ್ಲ.

ಮುದುಕರು ಪ್ರತಿ ಗುರುವಾರ ಬರುತ್ತಿದ್ದರು. ನಾನು ಪ್ರತಿ ಗುರುವಾರ ಒಂದು ಕಾರಣ ಹೇಳುತ್ತಿದ್ದೆ. ಬಂದರಿನಲ್ಲಿ ಮುಷ್ಕರ. ದಾರಿಯಲ್ಲಿ ಹಿಮ. ಬೇರೆ ಅಳತೆ ಕಳಿಸಿದ್ದರು, ವಾಪಸು ಮಾಡಿದೆವು. ಕಾರಣಗಳು ಮುಗಿದ ದಿನ ಪೆಟ್ರೋಲ್ ಇಲ್ಲ ಎಂದೆ.

"ಗುಂಡು ಪೆಟ್ರೋಲ್‌ನಲ್ಲಿ ಓಡುತ್ತಾ?"

"ಗುಂಡು ತರೋ ಟ್ರಕ್ ಓಡಬೇಕಲ್ಲ, ಸರ್. ಮುಂದಿನ ಗುರುವಾರ ಬನ್ನಿ."

ಅವರು ಬೈದುಕೊಂಡು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಒಂದು ಗುರುವಾರ ಬಾರದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಫೆಬ್ರವರಿಯ ಒಂದು ವಾರ ಹಾಗೇ ಆಯಿತು. ಏಳು ದಿನ ನಾನು ಪೇಪರಿನಲ್ಲಿ ಮರಣದ ಪುಟ ಮಾತ್ರ ಓದಿದೆ. ಮುಂದಿನ ವಾರ ಮೂಗು ಕೆಂಪಾಗಿಸಿಕೊಂಡು ಬಂದರು. ಶೀತವಂತೆ.

"ಎಂಥ ಕೆಮ್ಮು ಅಂತೀರಿ," ಎಂದರು ಕೋಪದಿಂದ. "ಸತ್ತೇಹೋಗ್ತಿದ್ದೆ!"

ಸಾಸಿವೆ

ವಸಂತದ ಹೊತ್ತಿಗೆ ಅವರಿಗೆ ಇನ್ನೊಂದು ಕಷ್ಟ ಬಂತು. ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದರು, ಬಾಡಿಗೆಗೆ ಬಂದವನು ನಮ್ಮ ದೇಶದವನು.

"ಎಣ್ಣೆಯಲ್ಲಿ ಏನೋ ಕಪ್ಪು ಕಾಳು ಹಾಕ್ತಾನೆ, ಪಟಪಟ ಅಂತ ಸಿಡಿಯುತ್ತೆ. ಮೊದಲನೇ ದಿನ ನಾನು ನೆಲಕ್ಕೆ ಬಿದ್ದು ಮಲಗಿಬಿಟ್ಟೆ! ಫ್ರಾನ್ಸ್ ನೆನಪಾಯ್ತು."

"ಅದು ಸಾಸಿವೆ, ಸರ್. ಒಗ್ಗರಣೆ."

"ಅದರ ಕ್ಯಾಲಿಬರ್ ಏನು?"

ಅವರು ನಗಲಿಲ್ಲ. ನಾನೂ ನಗಲಿಲ್ಲ. ಆದರೆ ಆ ದಿನ ಅವರು ಗುಂಡಿನ ವಿಷಯ ಕೇಳುವುದನ್ನೇ ಮರೆತು ಹೋದರು.

ಮೂರು ವಾರ ಕಳೆದಿರಬಹುದು. ಒಂದು ಮಂಗಳವಾರ ಒಬ್ಬ ತರುಣ ಡಾಕ್ಟರ್ ಪೊಲೀಸರ ಪರ್ಮಿಟ್ ಹಿಡಿದುಕೊಂಡು ಬಂದ. ನನ್ನ ಕುಂಕುಮ ನೋಡಿದ, ಬಳೆ ನೋಡಿದ.

"ಅಕ್ಕಾರ, ಕನ್ನಡದವ್ರೇನ್ರಿ?"

"ಹೌದಪ್ಪ. ಮೈಸೂರು. ನೀವು?"

"ಧಾರವಾಡ್ರಿ. ಟೆಕ್ಸಾಸಿಗೆ ಹೊಂಟೀನ್ರಿ, ಅಲ್ಲೇ ಕೆಲಸ ಸಿಕ್ಕದ. ಹಾವು, ಚೇಳು ಭಾಳ ಅಂತ. ಏಳು ಪಾಯಿಂಟ್ ಆರು ಐದು ಲಾಂಗ್ ಗುಂಡ ಅದಾವೇನ್ರಿ?"

ಆ ಅಳತೆಯ ಪಿಸ್ತೂಲು ಇವನಿಗೆ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ನಮ್ಮ ಮನಿ ಮಾಲಕ, ಮುದುಕಪ್ಪ, ಮಾರಿದ್ರಿ. ಪೇಪರ್ ಎಲ್ಲಾ ಸರಿ ಮಾಡಿಕೊಟ್ಟಾರ. ಗುಂಡ ಸಿಗಲಾರದ ಪಿಸ್ತೂಲ್ ಇಟ್ಕೊಂಡು ಏನ್ ಮಾಡ್ಲಿ ಅಂದ್ರು. ಬಾಗಲಿಗೆ ಅಡ್ಡ ಇಡಾಕಾದ್ರೂ ವಜ್ಜಿ ಇರಬೇಕು, ಅದೂ ಇಲ್ಲ ಅಂದ್ರು."

ಭಾರವಿಲ್ಲದ್ದರಿಂದ ಬಾಗಿಲಿಗೆ ಅಡ್ಡ ಇಡುವುದಕ್ಕೂ ಬಾರದ ಆ ಪಿಸ್ತೂಲು ಟೆಕ್ಸಾಸಿಗೆ ಹೋಗುತ್ತಿತ್ತು. ನಾನು ಹುಳುಗಳ ಡಬ್ಬಿಗಳ ಹಿಂದೆ ಕೈಹಾಕಿ ಗುಂಡಿನ ಡಬ್ಬಿ ತೆಗೆದು, ಸೆರಗಿನಿಂದ ಧೂಳು ಒರೆಸಿ ಕೊಟ್ಟೆ. ಅವನು ಮೂಸಿ ನೋಡಿ, "ಯಾಕ್ರಿ ಅಕ್ಕಾರ, ಮೀನಿನ ನಾತ?" ಎಂದ.

"ಹಾವಿಗೆ ಒಳ್ಳೇದು," ಎಂದೆ.

ದೂರು

ಆ ಗುರುವಾರ ಮುದುಕರು ಬಾಗಿಲನ್ನು ಎಷ್ಟು ಜೋರಾಗಿ ತಳ್ಳಿದರೆಂದರೆ ಅದರ ಗಂಟೆ ಕಿತ್ತು ಕೆಳಗೆ ಬಿತ್ತು. ಕೋಟಿಗೆ ಹೊಸ ಗುಂಡಿ ಹೊಲಿದಿದ್ದರು. ಬೇರೆ ಬಣ್ಣದ್ದು.

"ಆ ಡಾಕ್ಟರ್ ಹೊರಡೋ ಮುಂಚೆ ಡಬ್ಬಿ ತೋರಿಸಿದ! ನಾನು ಎಷ್ಟು ತಿಂಗಳು ತಿರುಗಿದೆ? ನೀನು ಹಿಮ ಅಂದೆ, ಮುಷ್ಕರ ಅಂದೆ, ಪೆಟ್ರೋಲ್ ಅಂದೆ! ಅವನು ಬಂದ, ಐದು ನಿಮಿಷದಲ್ಲಿ ಕೊಟ್ಟೆ!"

ಅವರ ಮುಖ ಟೊಮೇಟೊದಂತೆ ಕೆಂಪಾಗಿತ್ತು. ನವೆಂಬರಿನಲ್ಲಿ ಅದು ಬೂದಿಯ ಬಣ್ಣವಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಗುವೋ ಅಳುವೋ, ಎರಡೂ ಒಟ್ಟಿಗೆ ಬರುತ್ತಿದ್ದವು.

ಗಲಾಟೆ ಕೇಳಿ ಮಾಲೀಕರು ಒಳಗಿನಿಂದ ಓಡಿ ಬಂದರು. ಇವತ್ತಿಗೆ ನನ್ನ ಕೆಲಸ ಹೋಯಿತು ಎಂದುಕೊಂಡೆ.

"ಏನಾಯ್ತು?"

"ನಿಮ್ಮ ಕೌಂಟರಿನಲ್ಲಿರೋ ಈಕೆ," ಎಂದು ಮುದುಕರು ಬೆರಳು ತೋರಿಸಿ ಗುಡುಗಿದರು, "ತನ್ನ ದೇಶದವನಿಗೆ ಮಾತ್ರ ಕೊಟ್ಟು ನನಗೆ ಇಲ್ಲ ಅಂದಳು. ಯಾಕೆ? ನಾನು ಬಿಳಿಯವನು ಅಂತ! ಇದು ಡಿಸ್ಕ್ರಿಮಿನೇಷನ್!"

ಈ ದೇಶಕ್ಕೆ ಬಂದ ಮೇಲೆ ಆ ಮಾತು ನನ್ನ ನಾಲಗೆಯ ತುದಿಗೆ ಎಷ್ಟೋ ಸಲ ಬಂದು ಹಿಂದೆ ಹೋಗಿತ್ತು. ಅದನ್ನು ಗಟ್ಟಿಯಾಗಿ, ತುಂಬಿದ ಅಂಗಡಿಯಲ್ಲಿ, ನನ್ನ ಎದುರಿಗೇ ಇನ್ನೊಬ್ಬರು ಕೂಗಿದ್ದು ಅದೇ ಮೊದಲು.

ಮಾಲೀಕರು ಒಮ್ಮೆ ಅವರ ಮುಖ ನೋಡಿದರು, ಒಮ್ಮೆ ನನ್ನ ಕುಂಕುಮ ನೋಡಿದರು. ಕೊನೆಗೆ ಬಹಳ ಮೆಲ್ಲಗೆ, "ಸರ್, ನೀವಿಬ್ಬರೂ ನಿಂತ ಜಾಗ ಅದಲುಬದಲಾಗಿಲ್ಲ ತಾನೆ?" ಎಂದರು.