ಕೈ ಬೆಚ್ಚಗಿಡುವ ಚಿಕಿತ್ಸೆ

ನಮ್ಮ ಪರವಾನಗಿ ಕಚೇರಿಯ ಸಿಬ್ಬಂದಿಯೆಲ್ಲರಿಗೂ ಮನೋವ್ಯಾಕುಲತೆ ಇರುವುದು ತಜ್ಞರ ತಪಾಸಣೆಯಿಂದ ದೃಢಪಟ್ಟಿದೆ. ಕೆಲಸ ಮಾಡದೆಯೇ ಇಷ್ಟು ದಣಿಯುವುದು ಹೇಗೆಂದು ಸಾರ್ವಜನಿಕರು ಕುಹಕವಾಡುತ್ತಿದ್ದರು. ಈಗ ಅವರ ಬಾಯಿ ಮುಚ್ಚಿದೆ.

ಚಿಕಿತ್ಸೆಗೆಂದು ಬಂದ ಡಾಕ್ಟರಮ್ಮ ಹೆಡ್ ಕ್ಲರ್ಕರ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿ, ಅದರ ತಂತಿಯನ್ನು ಪುಟ್ಟ ಯಂತ್ರಕ್ಕೆ ಜೋಡಿಸಿದರು. "ಗಾಬರಿಯಾದ್ರೆ ಕೈ ತಣ್ಣಗಾಗುತ್ತೆ, ಕೆಂಪು ದೀಪ ಬರುತ್ತೆ. ದೀಪ ನೋಡ್ತಾ ನಿಧಾನವಾಗಿ ಉಸಿರಾಡಿ. ಕೈ ಬೆಚ್ಚಗಾದ್ರೆ ಹಸಿರು. ಆಗ ಮನಸ್ಸೂ ತಿಳಿಯಾಗುತ್ತೆ."

"ಕೈ ಬೆಚ್ಚಗಾದ್ರೆ ನೆಮ್ಮದಿ ಅಂತ ನಮಗೆ ಮೊದಲೇ ಗೊತ್ತು ಡಾಕ್ಟ್ರೇ," ಎಂದರು ಹೆಡ್ ಕ್ಲರ್ಕರು ಭಾವುಕರಾಗಿ. "ಅದು ವಿಜ್ಞಾನ ಅಂತ ಗೊತ್ತಿರ್ಲಿಲ್ಲ ಅಷ್ಟೇ."

ಮರುದಿನವೇ ಸಾಹೇಬರ ಕೋಣೆಯೂ ಸೇರಿ ಎಲ್ಲರ ಮೇಜಿಗೂ ಒಂದೊಂದು ಯಂತ್ರ ಬಂತು, ಪ್ರಕಟಣೆಯೂ ಹೊರಬಿತ್ತು: "ಕೆಂಪು ದೀಪವಿರುವಾಗ ಯಾವ ಕಡತಕ್ಕೂ ಸಹಿ ಹಾಕತಕ್ಕದ್ದಲ್ಲ. ಸಿಬ್ಬಂದಿಯ ಕೈ ಬೆಚ್ಚಗಿಡುವಲ್ಲಿ ಸಾರ್ವಜನಿಕರು ಸಹಕರಿಸತಕ್ಕದ್ದು." ಸಾರ್ವಜನಿಕರು ಸಹಕರಿಸಿದರು. ಲಕೋಟೆ ಮುಟ್ಟಿದೊಡನೆ ದೀಪ ಹಸಿರಾಗುವುದನ್ನು ಕಂಡು ಡಾಕ್ಟರಮ್ಮ ದಂಗಾದರು. ಇಷ್ಟು ಬೇಗ ಗುಣ ಕಂಡ ರೋಗಿಗಳನ್ನು ಅವರು ನೋಡಿರಲೇ ಇಲ್ಲ.

ಹೀಗಿರಲು ಟೈಲರ್ ಅಕ್ಕ ಬಂದಳು. ಪರವಾನಗಿ ನವೀಕರಣವಾಗದೆ ಅವಳ ಹೊಲಿಗೆ ಅಂಗಡಿಗೆ ನಮ್ಮವರೇ ಬೀಗ ಜಡಿದಿದ್ದರು. ಮೆಷಿನ್ನನ್ನು ಮನೆಗೆ ಸಾಗಿಸಿ, ಹೊಲಿಯಲು ಬಟ್ಟೆಯಿಲ್ಲದೆ ಕೂತಿದ್ದಳು. ಎದೆ ಡವಡವ, ಕಣ್ಣಿಗೆ ನಿದ್ದೆಯಿಲ್ಲ. ಅವಳೂ ಅದೇ ಡಾಕ್ಟರಮ್ಮನ ಬಳಿ ಅದೇ ಚಿಕಿತ್ಸೆ ಪಡೆಯುತ್ತಿದ್ದಳು.

"ಅಣ್ಣಾ, ಒಂದು ಸಹಿ ಹಾಕಿಕೊಡಿ."

"ನೋಡಮ್ಮಾ, ಕೈ ತಣ್ಣಗಿದೆ," ಎಂದರು ಹೆಡ್ ಕ್ಲರ್ಕರು ಕೆಂಪು ದೀಪ ತೋರಿಸಿ. "ನೀನೇ ಏನಾದ್ರೂ ಮಾಡ್ಬೇಕು."

"ಅಯ್ಯೋ ಪಾಪ, ನಿಮಗೂ ಹಾಗೇ ಆಗುತ್ತಾ?" ಎಂದು ಅವಳು ಕಿಟಕಿಯೊಳಗೆ ಕೈ ಚಾಚಿ, ಹೆಡ್ ಕ್ಲರ್ಕರ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದಳು. "ಮೆಲ್ಲಗೆ ಉಸಿರು ಬಿಡಿ ಅಣ್ಣಾ. ಹೆದರ್ಬೇಡಿ, ಕಡಿಮೆಯಾಗುತ್ತೆ."

ದೀಪ ಹಸಿರಾಯಿತು. ಹೆಡ್ ಕ್ಲರ್ಕರ ಕಣ್ಣಂಚು ಒದ್ದೆಯಾಯಿತು. ಅವರು ಪೆನ್ನು ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಸಹಿ ಬಿದ್ದುಬಿಡಲಿ ಎಂದು ನನಗೂ ಅನ್ನಿಸಿತು. ಅಷ್ಟರಲ್ಲಿ ಸಾಹೇಬರು ಧಾವಿಸಿ ಬಂದರು.

"ಈ ಬಿಸಿ ಯಾವ ಶೀರ್ಷಿಕೆಯಡಿ ಬಂತ್ರೀ? ಇದನ್ನ ಮೇಲಿನವರಿಗೆ ಹೇಗೆ ಹಂಚ್ತೀರಿ?"

ಹೆಡ್ ಕ್ಲರ್ಕರು ಪೆನ್ನು ಕೆಳಗಿಟ್ಟರು. ಸಂಜೆಗೆ ತಿದ್ದುಪಡಿ ಬಂತು: "ಉಜ್ಜುವಿಕೆಯಿಂದ ಉಂಟಾಗುವ ಬಿಸಿಯು ಹಂಚಿಕೆಗೆ ಒಳಪಡದ ಕಾರಣ ಅದನ್ನು ಅಸಿಂಧುವೆಂದು ಪರಿಗಣಿಸಲಾಗುವುದು."

ಮುಂದಿನ ವಾರ ಅವಳು ನಿಯಮಾನುಸಾರ ಬಂದಳು. ಲಕೋಟೆ ಕೈ ಸೇರಿತು. ಕೆಳಗಿನ ಮೇಜಿನಿಂದ ಸಾಹೇಬರ ಕೋಣೆಯವರೆಗೂ ಹಸಿರು ದೀಪ ಹತ್ತಿತು.

"ಇನ್ನೇನಮ್ಮಾ, ಇವತ್ತೇ ಅಂಗಡಿ ತೆಗಿ," ಎಂದರು ಹೆಡ್ ಕ್ಲರ್ಕರು.

"ತೆಗೀತೀನಿ ಅಣ್ಣಾ. ಇದಕ್ಕೋಸ್ಕರ ಮೆಷಿನ್ ಮಾರಿಬಿಟ್ಟೆ. ಒಳಗೆ ಸುಮ್ನೆ ಕೂತ್ಕೋತೀನಿ."

"ಒಳ್ಳೇದೇ ಆಯ್ತು, ಮನಸ್ಸಿಗೂ ವಿಶ್ರಾಂತಿ," ಎಂದರು ಸಾಹೇಬರು. ನಾವೆಲ್ಲ ತಲೆಯಾಡಿಸಿದೆವು. ಅವಳೂ ಆಡಿಸಿದಳು.

ಪರವಾನಗಿ ಕೊಡುವಾಗ ಅವಳ ಬೆರಳು ನನಗೆ ತಾಗಿತು, ತಣ್ಣಗೆ ಕೊರೆಯುತ್ತಿತ್ತು. ಆಕೆ ಸಿಬ್ಬಂದಿಯಲ್ಲವಾದ್ದರಿಂದ ಅದನ್ನು ಎಲ್ಲಿಯೂ ದಾಖಲಿಸಿಕೊಂಡಿರುವುದಿಲ್ಲ.