ಮಿಂಚವ್ವ ಬಿಳಿ ಜೀಪನ್ನು ಉಜ್ಜಿದ್ದು

“ಮುಟ್ಬ್ಯಾಡ! ದೂರ ನಿಂತ್ಕಂಡು ನೋಡ್ಲಾ ತಿಪ್ಪೇಶಿ! ನಾಳಿಕ್ಕೆ ಪೇಪರ್‌ನೋರೆಲ್ಲ ನಮ್ಮ ಕಾಲೊನಿ ಹುಡಿಕ್ಕಂಡು ಬರ್ತಾರೆ!”

ಪಕ್ಕದ ಮನೆಯ ಮೈಲಾರಣ್ಣ ನನ್ನನ್ನು ಗದರಿ, ಎದೆಯುಬ್ಬಿಸಿ ಗೋಣಿತಾಟು ಸರಿಸಿದ. ಕೆಳಗೆ ಆಮೆಯಂಥ ಒಂದು ಯಂತ್ರ ಕೂತಿತ್ತು. ಆರು ರಬ್ಬರ್ ಕಾಲು, ಹೊಟ್ಟೆಯಡಿ ತಿರುಗುವ ಉಣ್ಣೆಯ ಚಕ್ರ, ಮುಂದೆ ಗಾಜಿನ ಒಂಟಿಕಣ್ಣು. ಇಪ್ಪತ್ತೆರಡು ವರ್ಷ ಗ್ಯಾರೇಜುಗಳಲ್ಲಿ ಗಾಡಿಗಳಿಗೆ ಬಣ್ಣ ಹೊಡೆದು, ಪಾಲಿಶ್ ಉಜ್ಜಿ, ಮಾಲೀಕರ ಮುಖ ಹೊಳೆಯಿಸಿ, ತನ್ನ ಶ್ವಾಸಕೋಶ ಕಳೆದುಕೊಂಡವನು ಮೈಲಾರಣ್ಣ. ಈಗ ಹಿತ್ತಿಲಿನಲ್ಲಿ ಕೆಮ್ಮುತ್ತ ಯಂತ್ರ ಹುಟ್ಟಿಸುತ್ತಾನೆ. ಹೋದ ವರ್ಷದ್ದು ರೊಟ್ಟಿ ತಟ್ಟುವ ಯಂತ್ರ. ಅದು ತಟ್ಟಿದ ಮೊದಲ ರೊಟ್ಟಿ ಇನ್ನೂ ನಮ್ಮ ಮನೆಯ ಚಾವಣಿ ಶೀಟಿನ ಮೇಲಿದೆ!

“ಇವಳು ಮಿಂಚವ್ವ. ಪಾಲಿಶ್ ಮಿಷನ್ನು ಹಿಡಿದೋನು ಒಂದು ಗಳಿಗೆ ಮೈಮರೆತ್ರೆ ಬಣ್ಣ ಸುಟ್ಟೋಗ್ತದೆ. ಮೇಲಿನ ಪದರ ಕಾಗದಕ್ಕಿಂತ ತೆಳ್ಳಗೆ ಕಣ್ಲಾ! ಇವಳು ಮೈಮರೆಯಲ್ಲ. ನಿಯಮ ಎಲ್ಲಾ ತಲೇಲಿ ತುಂಬಿವ್ನಿ. ಕೇಳು!”

ಗುಂಡಿ ಒತ್ತಿದ. ಮಿಂಚವ್ವ ಬಾಯಿಬಿಟ್ಟಳು: “ಒಂದೇ ಕಡೆ ನಿಲ್ಬ್ಯಾಡ! ಒತ್ತಬ್ಯಾಡ! ಅಂಚಿಗೆ ಟೇಪು ಅಂಟ್ಸು! ಮೊದ್ಲು ಮೂಲೇಲಿ ಸ್ವಲ್ಪ ಉಜ್ಜಿ ನೋಡು! ಬಿಸಿಯಾಯ್ತಾ ಮುಟ್ಟಿ ನೋಡು!”

ಒಳಗಿನಿಂದ ಅವನ ಹೆಂಡತಿ ದುರ್ಗಕ್ಕ ಸೌಟು ಹಿಡಿದೇ ಓಡಿಬಂದಳು. “ಇದು ನನ್ನ ದನಿ ಅಲ್ವಾ? ನನ್ನ ಗಂಟ್ಲು ಯಾವಾಗ ಕದ್ದೆ?”

“ಇನ್ಯಾರ್ ದನಿ ಹಾಕ್ಲಿ? ಭಯ ಬೀಳ್ಬೇಕಲ್ಲ!”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ನನ್ನ ಜೇಬಿನಲ್ಲಿ ಕೋರ್ಟಿನ ನೋಟಿಸಿತ್ತು. ಎಂಟು ತಿಂಗಳ ಹಿಂದೆ ಬೆಳಗಿನ ಜಾವ ರಸ್ತೆ ಗುಡಿಸುತ್ತಿದ್ದ ನನ್ನ ಒಡಹುಟ್ಟಿದ ಅಕ್ಕ ಯಲ್ಲಕ್ಕನ ಮೇಲೆ ಒಂದು ಕಡುಹಸಿರು ಜೀಪು ಹತ್ತಿಹೋಯಿತು. ಜೊತೆಯಲ್ಲಿ ಗುಡಿಸುತ್ತಿದ್ದ ಮೂವರು ಕಣ್ಣಾರೆ ಕಂಡಿದ್ದರು. ಪೊಲೀಸರು ಊರಿನ ಹಸಿರು ಗಾಡಿಗಳನ್ನೆಲ್ಲ ತಡಕಿದರಂತೆ. ಸಿಕ್ಕಿದ್ದು ಸೊಪ್ಪು ಮಾರುವವನ ತಳ್ಳುಗಾಡಿ ಒಂದೇ! ‘ವಾಹನ ಪತ್ತೆಯಾಗಿಲ್ಲ’ ಎಂದು ಸಿ ರಿಪೋರ್ಟ್ ಬರೆದು ಕೋರ್ಟಿಗೆ ಕೊಟ್ಟರು. ದಸರೆ ಕಳೆದ ಸೋಮವಾರ ನಾನು ತಕರಾರು ಹೇಳದಿದ್ದರೆ ಅಕ್ಕನ ಫೈಲು ಮುಚ್ಚುತ್ತದೆ. ಬರಿಗೈಯಲ್ಲಿ ಏನು ತಕರಾರು ಹೇಳಲಿ? ಸತ್ತವಳು ಸತ್ತಿದ್ದಾಳೆ ಎಂದೇ?

ಅಂಗಳದಲ್ಲಿ ಪಾಲಾಕ್ಷಪ್ಪನ ಬಿಳಿ ಜೀಪು ನಿಂತಿತ್ತು. ಪಾಲಾಕ್ಷಪ್ಪ ಎಂದರೆ ಊರಿನ ಕಸದ ಗುತ್ತಿಗೆದಾರ. ಯಲ್ಲಕ್ಕ ಗುಡಿಸಿದ್ದು ಅವನ ಕೈಕೆಳಗೆ. ನಾನು ಓಡಿಸುವ ಕಸದ ಆಟೋ ಕೂಡ ಅವನದೇ. ಅವನಿರುವುದು ಜಿಲ್ಲಾ ಕೇಂದ್ರದಲ್ಲಿ. ಈ ಜೀಪು ಮೊದಲ ಸಲ ನಮ್ಮ ಕಣ್ಣಿಗೆ ಬಿದ್ದು ಆರು ತಿಂಗಳಾಗಿರಬಹುದು, ಆಗಿನಿಂದಲೂ ಬಿಳಿಯೇ. ಮರುದಿನ ಆಯುಧಪೂಜೆ. ಗಾಡಿಯಲ್ಲಿ ಮುಖ ನೋಡಿಕೊಳ್ಳುವಷ್ಟು ಹೊಳಪು ಬರಬೇಕೆಂದು ಮೈಲಾರಣ್ಣನಿಗೆ ಆಜ್ಞೆಯಾಗಿತ್ತು.

ಮೈಲಾರಣ್ಣ ಜೀಪು ತೊಳೆದ, ಅಂಚುಗಳಿಗೆ ಟೇಪು ಅಂಟಿಸಿದ, ಬಾನೆಟ್ಟಿಗೆ ಪಾಲಿಶ್ ಹಚ್ಚಿ ಮಿಂಚವ್ವನನ್ನು ಎತ್ತಿ ಕೂರಿಸಿದ. ದುರ್ಗಕ್ಕ ಅಡ್ಡ ಬಂದಳು.

“ಹೊಸಾ ಯಂತ್ರ, ಪೂಜೆ ಇಲ್ದೆ ಚಾಲೂ ಮಾಡ್ತೀಯಾ? ತಲೆ ಕೆಟ್ಟೈತಾ?”

“ಪೂಜೆ ನಾಳೆ ಕಣೇ!”

“ನಾಳೆ ಎಲ್ಲಾ ಆಯುಧಕ್ಕೆ. ಇವತ್ತು ಇವಳಿಗೆ!” ಎಂದವಳೇ ಊದುಬತ್ತಿ ಬೆಳಗಿ, ಹೂ ಮುಡಿಸಿ, ನೀರಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಲ್ಲಿ ಅದ್ದಿ ಹಣೆಗೆ ಒತ್ತಿಬಿಟ್ಟಳು.

ಆಮೆಗೆಲ್ಲಿಯ ಹಣೆ? ಒತ್ತಿದ್ದು ಗಾಜಿನ ಕಣ್ಣಿಗೆ! ಮೈಲಾರಣ್ಣ ಆಗ ವೈರು ಹೆಗಲ ಮೇಲೆ ಹಾಕಿಕೊಳ್ಳುವುದರಲ್ಲಿ ಮುಳುಗಿದ್ದ.

ಚಕ್ರ ತಿರುಗಿತು. ಮಿಂಚವ್ವ ಬಾನೆಟ್ಟಿನಿಂದ ಮಡ್‌ಗಾರ್ಡಿಗೆ ಎರಡು ಹೆಜ್ಜೆ ನಡೆದಳು, ಗಕ್ಕನೆ ನಿಂತಳು. “ಕಲೆ!” ಎಂದಳು. ಉಜ್ಜಿದಳು. “ಕಲೆ ಹೋಗಿಲ್ಲ!” ಮತ್ತೆ ಉಜ್ಜಿದಳು. ಕುಂಕುಮ ಕಣ್ಣಲ್ಲೇ ಇದ್ದರೆ ಕಲೆ ಹೋಗುವುದೆಲ್ಲಿಗೆ! ಮಡ್‌ಗಾರ್ಡಿನ ಮೇಲೆ ಅಂಗೈಯಗಲದ ಜಾಗದಲ್ಲಿ ಗಾಣದೆತ್ತಿನಂತೆ ಸುತ್ತತೊಡಗಿದಳು. ಸುತ್ತುತ್ತಲೇ ಉಪದೇಶ: “ಒಂದೇ ಕಡೆ ನಿಲ್ಬ್ಯಾಡ! ಒತ್ತಬ್ಯಾಡ!”

“ಏ, ನೀನೇ ನಿಂತಿದ್ದೀಯಲ್ಲೇ!” ಮೈಲಾರಣ್ಣ ಕಿರುಚಿದ.

“ಬಿಸಿಯಾಯ್ತಾ ಮುಟ್ಟಿ ನೋಡು!”

ಮುಟ್ಟಿದ. ಅಂಗಳದ ತುಂಬ ಕುಣಿದಾಡಿದ!

“ಪ್ಲಗ್ಗು ಕೀಳ್ಲಾ ತಿಪ್ಪೇಶಿ!”

ಕಿತ್ತೆ. ಮಿಂಚವ್ವ ಇನ್ನೂ ಜೋರಾದಳು.

“ನಮ್ಮ ಕಾಲೊನೀಲಿ ಕರೆಂಟು ಗಳಿಗೆಗೊಂದ್ಸಲ ಹೋಗ್ತದಲ್ಲ, ಅದಕ್ಕೇ ಒಳಗೆ ಬ್ಯಾಟರಿ ಇಟ್ಟಿವ್ನಿ!” ಆ ಗಳಿಗೆಯಲ್ಲೂ ಅವನ ಮುಖದಲ್ಲಿ ಹೆಮ್ಮೆ!

“ನಿಲ್ಸೋ ಗುಂಡಿ ಎಲ್ಲೈತೆ?”

“ಹೊಟ್ಟೆ ಕೆಳಗೆ.”

ದುರ್ಗಕ್ಕ ಸೌಟಿನಿಂದ ತಲೆ ಬಡಿದುಕೊಂಡಳು. ಬಡಿದದ್ದು ಮೈಲಾರಣ್ಣನ ತಲೆಯನ್ನು.

ಸುಟ್ಟ ವಾಸನೆ ಹಬ್ಬಿತು. ಬಿಳಿ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಹೋಯಿತು. ಅದರಡಿ ಹಸಿರು ಕಂಡಿತು. ಕಡುಹಸಿರು.

ಚಕ್ರ ಇನ್ನೂ ಕೊರೆಯಿತು. ನಡುವೆ ತಗ್ಗು ಮುಚ್ಚಲು ಮೆತ್ತಿದ್ದ ಪುಟ್ಟಿಯ ಲೇಪ ಹಿಟ್ಟಿನಂತೆ ಉದುರಿತು. ತಗ್ಗಿನ ಒಡೆದ ತಗಡಿನ ಬಾಯಲ್ಲಿ ಏನೋ ಮಿನುಗಿತು. ಕಿರುಬೆರಳಿನಷ್ಟು ಉದ್ದದ ಹೊಳೆಯುವ ಪಟ್ಟಿ, ಅದರಂಚಿಗೆ ಕಿತ್ತಳೆ ಬಣ್ಣದ ದಾರ. ರಸ್ತೆ ಗುಡಿಸುವವರು ಗಾಡಿಯವರ ಕಣ್ಣಿಗೆ ಬೀಳಲಿ ಎಂದು ಹೆಗಲಿಗೆ ಹೊಲಿಸಿಕೊಡುವ ಪಟ್ಟಿ.

ಅವತ್ತು ಅಕ್ಕನ ಹೆಗಲಲ್ಲೂ ಇದ್ದದ್ದು ಇಂಥದ್ದೇ. ಫೋನು ಎತ್ತಿದೆ. ಹನ್ನೊಂದು ಫೋಟೊ ಹಿಡಿದೆ. ಬ್ಯಾಟರಿ ಸತ್ತು ಮಿಂಚವ್ವ ತಾನಾಗಿ ನಿಂತಳು.

ಪಾಲಾಕ್ಷಪ್ಪ ಬಂದ. ಜೀಪು ನೋಡಿದ. ಅವನ ಮುಖ ಜೀಪಿಗಿಂತ ಬಿಳಿಯಾಯಿತು.

“ಯಾವ ನನ್ಮಗ ಹೇಳಿದ್ದು ಕೊರೆಯೋಕೆ? ಪಾಲಿಶ್ ಮಾಡು ಅಂದ್ರೆ ಸಮಾಧಿ ಅಗೀತೀಯಾ?”

“ಸಮಾಧಿ ಅಂತ ನಿಮ್ಮ ಬಾಯಲ್ಲೇ ಬಂತಲ್ಲ ಧಣಿ!” ಎಂದಳು ದುರ್ಗಕ್ಕ. “ಯಾರ್ದು?”

“ತಿಪ್ಪೇಶಿ, ಫೋನು ಕೊಡು ಇಲ್ಲಿ. ನಾಳೆ ಕೆಲಸಕ್ಕೆ ಬರೋದು ಬ್ಯಾಡ್ವಾ?”

“ಬ್ಯಾಡ” ಎಂದೆ. ಹನ್ನೆರಡು ವರ್ಷದಲ್ಲಿ ಅವನಿಗೆ ನಾನು ಬ್ಯಾಡ ಎಂದದ್ದು ಅದೇ ಮೊದಲು.

ಪೊಲೀಸರಿಗೆ ಫೋನು ಮಾಡಿದ್ದು ನಾನು. ಅವರು ಬಂದರು, ಆದರೆ ಪಾಲಾಕ್ಷಪ್ಪನ ಪರವಾಗಿ! ಸಬ್ ಇನ್‌ಸ್ಪೆಕ್ಟರ್ ಜೀಪನ್ನು ಒಂದು ಸುತ್ತು ಹಾಕಿ, ಖಾಸಗಿ ಆಸ್ತಿಗೆ ಹಾನಿ ಎಂದು ಕೇಸು ಬರೆದು, ಮಿಂಚವ್ವನನ್ನು ಜಪ್ತಿ ಮಾಡಿದರು. ದುರ್ಗಕ್ಕ ಸೆರಗಿನಿಂದ ಅದರ ಕಣ್ಣೊರೆಸಲು ಹೋದರೆ ಗದರಿದರು: “ಸಾಕ್ಷ್ಯ ಅಳಿಸ್ತೀಯೇನಮ್ಮಾ?” ಪಂಚನಾಮೆಯಲ್ಲಿ ‘ಯಂತ್ರ ಒಂದು, ಕುಂಕುಮ ಸಹಿತ’ ಎಂದು ಬರೆದರು. ಜೀಪನ್ನು ಪಾಲಾಕ್ಷಪ್ಪನಿಗೇ ಬಿಟ್ಟುಕೊಟ್ಟರು. ನಾಳೆ ಪೂಜೆಯಲ್ಲವೇ, ಪಾಪ!

ಸೋಮವಾರ ಕೋರ್ಟಿನಲ್ಲಿ ಫೋಟೊಗಳನ್ನು ಮುಂದಿಟ್ಟೆ. ಸಬ್ ಇನ್‌ಸ್ಪೆಕ್ಟರ್ ಕೆಮ್ಮಿ, ಪರಿಣತರ ಅಭಿಪ್ರಾಯ ಓದಿದರು: ಯಂತ್ರದ ವಿಪರೀತ ಶಾಖದಿಂದ ಬಿಳಿ ಬಣ್ಣ ಹಸಿರಿಗೆ ತಿರುಗಿದೆ. ಹೊಳೆಯುವ ಪಟ್ಟಿ ಯಂತ್ರದ ಹೊಟ್ಟೆಯಿಂದಲೇ ಬಿದ್ದಿದೆ.

ನ್ಯಾಯಾಧೀಶೆ ಕನ್ನಡಕ ತೆಗೆದರು. “ಶಾಖಕ್ಕೆ ಬಿಳಿ ಹಸಿರಾಗುತ್ತದೆಯೇ? ಯಂತ್ರ ತರಿಸಿ. ಬೇರೊಂದು ಬಿಳಿ ಗಾಡಿಯ ಮೇಲೆ ಬಿಡಿ. ನೋಡಿಯೇ ಬಿಡೋಣ.”

ಕೋರ್ಟಿನ ಅಂಗಳದಲ್ಲಿದ್ದ ಬಿಳಿ ಗಾಡಿ ಒಂದೇ. ಪೊಲೀಸ್ ಜೀಪು!

ಕುಂಕುಮ ಅಳಿಸುವಂತಿಲ್ಲ, ಅದು ಸಾಕ್ಷ್ಯ. ಬ್ಯಾಟರಿ ತುಂಬಿಸಿ, ಮಿಂಚವ್ವನನ್ನು ಬಾನೆಟ್ಟಿನ ಮೇಲೆ ಇಟ್ಟರು. “ಕಲೆ!” ಎಂದಳು. ಬಿಳಿ ಹೋಯಿತು. ಅದರಡಿ ಬೂದು ಬಣ್ಣ ಬಂತು, ಹೋಯಿತು. ತಗಡು ಬಂತು, ಕೆಂಪಗೆ ಕಾಯಿತು, ಅದೂ ಹೋಯಿತು. “ಒತ್ತಬ್ಯಾಡ! ಒತ್ತಬ್ಯಾಡ!” ಎನ್ನುತ್ತಲೇ ಬಾನೆಟ್ಟು ಕೊರೆದು ಎಂಜಿನ್ನಿನೊಳಗೆ ಇಳಿದು ಮಾಯವಾದಳು. ಒಳಗಿನಿಂದ ದುರ್ಗಕ್ಕನ ದನಿ ಬರುತ್ತಲೇ ಇತ್ತು: “ಕಲೆ ಹೋಗಿಲ್ಲ! ಕಲೆ ಹೋಗಿಲ್ಲ!” ಡ್ರೈವರ್ ಸಲ್ಯೂಟ್ ಹೊಡೆದು ದೂರ ಓಡಿದ. ಜೀಪು ಮುಂದಿನ ಮೊಣಕಾಲೂರಿ ಕೂತಿತು.

ಹಸಿರು ಮಾತ್ರ ಎಲ್ಲೂ ಬರಲಿಲ್ಲ.

ನ್ಯಾಯಾಧೀಶೆ ಸಿ ರಿಪೋರ್ಟನ್ನು ತಿರಸ್ಕರಿಸಿದರು. ಮರುತನಿಖೆಯಾಗಲಿ ಎಂದರು. ಅಕ್ಕನ ಫೈಲು ಮುಚ್ಚಲಿಲ್ಲ. ನಾನು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಮೈಲಾರಣ್ಣನೂ ಅತ್ತ, ಯಾಕೆಂದರೆ ಮಿಂಚವ್ವನ ಮೂರು ಕಾಲು ಮುರಿದಿದ್ದವು.

ಮರುತನಿಖೆ ನಡೆಸುತ್ತಿರುವುದು ಅದೇ ಠಾಣೆ. ಪಾಲಾಕ್ಷಪ್ಪನ ಜೀಪಿಗೆ ಈಗ ಕಪ್ಪು ಬಣ್ಣ. ಅವನಿಗೆ ನಿರೀಕ್ಷಣಾ ಜಾಮೀನು ಸಿಕ್ಕಿದೆ. ನಮ್ಮ ಯಲ್ಲಕ್ಕನ ಸಾವಿನ ಪ್ರಕರಣದಲ್ಲಿ ಇಂದಿನವರೆಗೆ ಲಾಕಪ್ಪಿನಲ್ಲಿರುವುದು ಮಿಂಚವ್ವ ಒಬ್ಬಳೇ. ಅವಳಿಗೆ ಜಾಮೀನು ಕೊಟ್ಟರೆ ಸಾಕ್ಷ್ಯ ನಾಶಪಡಿಸುತ್ತಾಳೆ ಎಂದು ಪೊಲೀಸರು ತಕರಾರು ಹಾಕಿದ್ದಾರೆ.